ಮಾರಕ್ಕನಿಗೆ ಅಂದ ಹೂಂ

ಕೂಗಿದರೆ ಓಗೊಡುವವನಿಗೆ, ಕೂಗದಿದ್ದರೂ ಕೇಳಿಸಿಕೊಳ್ಳುವವನಿಗೆ, ಜಗವೆಲ್ಲ ಮಲಗಿದಾಗ ತಾನೊಬ್ಬ ಎಚ್ಚರವಿರುವ ಪರಶಿವನಿಗೆ ಮೊದಲ ನಮಸ್ಕಾರ. ಅವನ ಪಾದ ನೆನೆದು ಈ ಕಥೆ.

ಹಳ್ಳದ ದಂಡೆಯ ಮೇಲೆ ಅಜ್ಜಯ್ಯನವರ ಆಶ್ರಮ. ಒಂದು ಹಜಾರ, ಒಂದು ಅಡುಗೆಮನೆ, ಒಂದು ಬೇವಿನ ಮರ. ಅಷ್ಟೇ.

ದೀಪ ಹಚ್ಚುವ ಹೊತ್ತಿಗೆ ಅಜ್ಜಯ್ಯ ದಿನಾ ಒಂದು ಕಥೆ ಹೇಳುತ್ತಿದ್ದರು. ಕಥೆ ಅಂದಮೇಲೆ ಹೂಂಗುಟ್ಟುವವರು ಬೇಕೇ ಬೇಕಲ್ಲ. ಹೂಂ ಬಂದರೆ ಕಥೆ ಮುಂದೆ. ಬಾರದಿದ್ದರೆ ಅಲ್ಲಿಗೇ ನಿಂತಿತು. ಆ ಆಶ್ರಮದಲ್ಲಿ ಹೂಂಗುಟ್ಟುವ ಸೇವೆ ಶಿಷ್ಯ ತಿಪ್ಪೇಶನದು.

ಮೊದಮೊದಲು ತಿಪ್ಪೇಶ ಕೈಕಟ್ಟಿ ಕೂತು, ಗುರುವಿನ ಮುಖ ನೋಡುತ್ತಾ ಹೂಂ ಅನ್ನುತ್ತಿದ್ದ. ಆಮೇಲಾಮೇಲೆ ತೊಡೆಯ ಮೇಲೆ ಮೊಬೈಲು ಬಂತು. ಕಣ್ಣು ಅದರೊಳಗೆ, ಬೆರಳು ಅದರ ಮೇಲೆ. ಆದರೂ ಹೂಂ ಮಾತ್ರ ಸರಿಯಾದ ಜಾಗಕ್ಕೇ ಬಂದು ಬೀಳುತ್ತಿತ್ತು.

ಅಡುಗೆಯ ರುದ್ರಣ್ಣ ಛೇಡಿಸುತ್ತಿದ್ದ. "ಹೂಂಗೂ ಕೀಲಿ ಕೊಟ್ಟು ಇಟ್ಟಿದೀಯೇನೋ ತಿಪ್ಪ?"

ಅಜ್ಜಯ್ಯ ಕಥೆ ಮುಂದುವರಿಸುತ್ತಿದ್ದರು.

ಒಂದು ದಿನ ಭಕ್ತರೊಬ್ಬರ ಮನೆಯ ಪೂಜೆ ಮುಗಿಸಿ ಗುರು ಶಿಷ್ಯರಿಬ್ಬರೂ ಊಟದ ಹೊತ್ತು ಕಳೆದು ಬಸ್‌ಸ್ಟಾಂಡಿಗೆ ಬಂದರು. ತಿಪ್ಪೇಶ ಮೊಬೈಲು, ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನು ಎಲ್ಲ ಸಿದ್ಧ ಮಾಡಿಕೊಳ್ಳುತ್ತಿದ್ದ.

"ಏನಪ್ಪ ಇಷ್ಟೊಂದು ತಯಾರಿ?" ಅಂದರು ಅಜ್ಜಯ್ಯ.

"ಬಸ್ಸಿನ ಹೊತ್ತು ಸುಮ್ಮನೆ ಹಾಳಾಗುತ್ತಲ್ಲ ಅಜ್ಜಯ್ಯ. ಅದಕ್ಕೇ ಕಿವಿಗೆ ವೇದಾಂತದ ಪಾಠ. ಹೆಬ್ಬೆರಳಿಗೆ ಜಪ, ಒಂದು ಸಲ ಒತ್ತಿದರೆ ಒಂದು ಮಣಿ ಲೆಕ್ಕ. ನಡುನಡುವೆ ನಮ್ಮ ಭಕ್ತರ ಗುಂಪಿಗೆ ಉತ್ತರ."

"ಆಮೇಲೆ?"

ತಿಪ್ಪೇಶ ತಲೆ ಕೆರೆದುಕೊಂಡ. "ಆಮೇಲೆ... ಮ್ಯಾಚು ಎಲ್ಲಿಗೆ ಬಂತು ಅಂತ ಒಂಚೂರು."

ಅಜ್ಜಯ್ಯ ನಕ್ಕರು. ಆ ನಗುವಿನಿಂದ ಅವನಿಗೆ ಧೈರ್ಯ ಬಂತು.

"ಅಷ್ಟಾವಧಾನ ಅಂತಾರಲ್ಲ ಅಜ್ಜಯ್ಯ, ಹಾಗೇ ಇದೂ."

"ಅವಧಾನಿಯ ಸುತ್ತ ಎಂಟು ಜನ ಕೂರುತ್ತಾರೆ. ಒಬ್ಬ ಪದ್ಯ ಕೇಳುತ್ತಾನೆ, ಒಬ್ಬ ಗಂಟೆ ಬಾರಿಸುತ್ತಾನೆ, ಒಬ್ಬ ಬೇಕಂತಲೇ ಹರಟೆ ಹೊಡೆಯುತ್ತಾನೆ. ಕೊನೆಗೆ ಅವಧಾನಿ ಎಂಟು ಜನಕ್ಕೂ ಅವರವರದನ್ನು ತಿರುಗಿ ಒಪ್ಪಿಸಬೇಕು. ಒಂದು ಕೈಜಾರಿದರೆ?"

"ಏಳು ಉಳೀತಲ್ಲ ಅಜ್ಜಯ್ಯ. ಜಾರಿದರೆ ಚಿಕ್ಕದೊಂದು ಜಾರೀತು."

"ಚಿಕ್ಕದು ಯಾವುದು ಅಂತ ಮೊದಲೇ ಗೊತ್ತಿರುತ್ತೇನು ನಿನಗೆ?"

ಅಷ್ಟರಲ್ಲಿ ಬಸ್ಸು ಬಂತು. ಮಾತು ಅಲ್ಲಿಗೇ ನಿಂತಿತು.

ಜನ ತುಂಬಿದ್ದರು. ಡ್ರೈವರಿನ ಹಿಂದೆ ಯಾರೋ ಎದ್ದು ಅಜ್ಜಯ್ಯನವರಿಗೆ ಜಾಗ ಬಿಟ್ಟರು. ತಿಪ್ಪೇಶನಿಗೆ ಹಿಂದುಗಡೆ ಒಂದು ಸೀಟು ಸಿಕ್ಕಿತು. ಪಕ್ಕದಲ್ಲಿ, ಕಿಟಕಿಯ ಕಡೆಗೆ, ವಯಸ್ಸಾದ ಹೆಂಗಸೊಬ್ಬಳು. ಮಡಿಲಲ್ಲಿ ಒಂದು ಕೈಚೀಲ. ಚೀಲದ ಬಾಯಲ್ಲಿ ಹೊಸ ಹಸಿರು ಸೀರೆಯ ಅಂಚು ಕಾಣುತ್ತಿತ್ತು.

"ಯಾವೂರಾಯ್ತಪ್ಪ?" ಅಂದಳು.

ತಿಪ್ಪೇಶ ಒಂದು ಕಿವಿಯದನ್ನು ತುಸು ಸರಿಸಿದ. "ಆಶ್ರಮ, ಅವ್ವ."

"ಆಶ್ರಮದೋರಾ! ಒಳ್ಳೇದಾತು ಬಿಡು." ಅವಳ ಮುಖ ಸಡಿಲವಾಯಿತು. "ನಾನು ಮಾರಕ್ಕ ಅಂತ. ಕಾಫಿ ಸೀಮೆಗೆ ಕೂಲಿಗೆ ಹೋದೋಳು. ನಿನ್ನೆ ಹೊತ್ತು ಮುಳುಗಿದಾಗ ಫೋನು ಬಂತು ಕಣಪ್ಪ. ನನ್ನ ತಂಗಿ ತೀರಿಕೊಂಡ್ಲಂತೆ."

"ಹೂಂ."

"ತಾಯಿ ಇಲ್ಲದ ಕೂಸು. ಎತ್ತಿ ಆಡಿಸಿದೋಳು ನಾನೇ. ರಾತ್ರಿಯೆಲ್ಲ ಬಸ್ಸು ಬದಲಾಯಿಸಿ ಬದಲಾಯಿಸಿ ಬಂದೀನಿ. ಕಣ್ಣಿಗೆ ಕಣ್ಣು ಹಚ್ಚಿಲ್ಲ."

"ಹೂಂ."

"ತವರ ಸೀರೆ ಹೊದಿಸದೆ ಹೆಣ್ಣುಮಕ್ಕಳನ್ನ ಮಣ್ಣಿಗೆ ಕಳಿಸಬಾರದಲ್ಲೇನಪ್ಪ? ಅವಳಿಗೆ ತವರು ಅಂತ ಉಳಿದಿರೋದು ನಾನೊಬ್ಬಳೇ. ಹೊತ್ತು ಮುಳುಗೋ ತನಕ ಕಾಯ್ತೀವಿ ಅಂದವ್ರೆ."

ವೇದಾಂತದ ಪಾಠ ಸೊಗಸಾದ ಜಾಗಕ್ಕೆ ಬಂದಿತ್ತು. ತಿಪ್ಪೇಶ ಕಿವಿಯದನ್ನು ಮತ್ತೆ ಒಳಗೆ ಒತ್ತಿದ. ಮಾರಕ್ಕ ಅವನ ಮೊಣಕೈ ಮುಟ್ಟಿದಳು.

"ಅಪ್ಪಯ್ಯಾ, ನಿದ್ದೆ ಎಳೀತೈತೆ. ಕಾಗೆಕಲ್ಲು ಕ್ರಾಸು ಬಂದ್ರೆ ಎಬ್ಬುಸ್ತೀಯಾ?"

"ಹೂಂ."

"ಮರೀಬ್ಯಾಡ. ನಿನ್ನ ನಂಬಿ ಕಣ್ಣು ಮುಚ್ತೀನಿ."

"ಹೂಂ, ಅವ್ವ."

ಅವಳು ಚೀಲವನ್ನು ಎದೆಗವಚಿಕೊಂಡು ಕಿಟಕಿಗೆ ತಲೆ ಆನಿಸಿದಳು. ಹಾಗೇ ನಿದ್ದೆ ಹೋದಳು.

ತಿಪ್ಪೇಶನ ಹೆಬ್ಬೆರಳು ಶಿವ ಶಿವ ಎಂದು ಒತ್ತುತ್ತಿತ್ತು. ಕಿವಿಯಲ್ಲಿ ಪಂಡಿತರು ಸಾಕ್ಷಿಭಾವ ವಿವರಿಸುತ್ತಿದ್ದರು. ಗುಂಪಿನಲ್ಲಿ ಯಾರೋ ಭಕ್ತೆ, ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದಳು. ತಿಪ್ಪೇಶ ಅವಳಿಗೆ ಉದ್ದದ ಉತ್ತರ ಬರೆದ. ಬಲು ಚೆನ್ನಾಗಿ ಬಂತು. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದು ಬಿದ್ದವು.

ಬಸ್ಸು ಎಲ್ಲೋ ನಿಂತಿತು. ಮತ್ತೆ ಹೊರಟಿತು. ಕಿಟಕಿಯ ಬಿಸಿಲು ಹಳದಿಗೆ ತಿರುಗಿತು.

ಕಂಡಕ್ಟರು ಚಿಲ್ಲರೆ ಕೊಡಲು ಹಿಂದಕ್ಕೆ ಬಂದವನು ಗಕ್ಕನೆ ನಿಂತ.

"ಏಯ್ ಅಮ್ಮಾ! ನೀನು ಕಾಗೆಕಲ್ಲು ಅಲ್ವೇನಮ್ಮ? ಇನ್ನೂ ಇಲ್ಲೇ ಕೂತಿದೀಯಾ?"

ಮಾರಕ್ಕ ಕಣ್ಣು ಬಿಟ್ಟಳು. ಕಂಡಕ್ಟರನ್ನು ನೋಡಲಿಲ್ಲ. ತಿಪ್ಪೇಶನ ಕಡೆ ತಿರುಗಿದಳು.

"ಬಂತೇನಪ್ಪ?"

ತಿಪ್ಪೇಶ ಕಿವಿಯವನ್ನು ಕಿತ್ತ. ಕಿಟಕಿಯಾಚೆ ನೋಡಿದ.

"ಬಂದು ಹೋಗಿ ಬಾಳ ಹೊತ್ತಾಯ್ತಲ್ಲಮ್ಮ," ಅಂದ ಕಂಡಕ್ಟರು. "ಗಂಟಲು ಹರಿಯೋ ಹಂಗೆ ಕೂಗಿದೆ. ಯಾರೂ ಏಳಲಿಲ್ಲ. ಜನ ಬೇರೆ ತುಂಬಿದ್ರು, ಇಳಿದಿದ್ದೀಯ ಅಂದ್ಕೊಂಡೆ." ತಿಪ್ಪೇಶನನ್ನು ನೋಡಿದ. "ನೀವು ಪಕ್ಕದಲ್ಲೇ ಇದ್ರಲ್ಲ ಸ್ವಾಮಿ. ನಿಮಗೂ ಕೇಳಿಸಲಿಲ್ವಾ?"

ಕಂಡಕ್ಟರು ಸೀಟಿ ಊದಿದ. ಬಸ್ಸು ನಿಂತಿತು. ಮಾರಕ್ಕ ತಡವರಿಸುತ್ತಾ ಇಳಿದಳು. ಹಿಂದೆ ತಿಪ್ಪೇಶ ಇಳಿದ. ಮುಂದಿನ ಬಾಗಿಲಿನಿಂದ ಅಜ್ಜಯ್ಯನೂ ಇಳಿದರು. ಯಾರೂ ಅವರಿಗೆ ಹೇಳಿರಲಿಲ್ಲ. ಮುದುಕಿಯ ಮುಖ, ಶಿಷ್ಯನ ಮುಖ ಎರಡನ್ನೂ ನೋಡಿದರು, ಅಷ್ಟೇ.

ಮಾರಕ್ಕ ಚೀಲದ ತಳದಿಂದ ಬಟ್ಟೆಯಲ್ಲಿ ಸುತ್ತಿದ ಸಣ್ಣ ಫೋನು ತೆಗೆದಳು. ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗಿತ್ತು. ತಿರುಗಿ ಮಾಡಿದಳು.

"ಅತ್ತಿಗೇ, ಎಲ್ಲಿದೀಯೆ?" ಆ ಕಡೆಯಿಂದ ತಂಗಿಯ ಗಂಡನ ದನಿ ತಿಪ್ಪೇಶನಿಗೂ ಕೇಳಿಸಿತು. ಹಿಂದೆ ತಮಟೆಯ ಸದ್ದಿತ್ತು. "ಹಿರೀಕರು ಕಾಯಲ್ಲ ಅಂತವ್ರೆ. ಹೊತ್ತು ಇಳೀತಾ ಐತೆ."

"ಬಂದೆ ಕಣೋ. ಬಂದೆ. ಇಲ್ಲೇ ಇದೀನಿ."

ಅವಳು ಇಲ್ಲೇ ಇರಲಿಲ್ಲ.

ತಿಪ್ಪೇಶ ಬಾಡಿಗೆ ಗಾಡಿಗೆಂದು ಮೊಬೈಲು ತಿಕ್ಕಿದ. ಆ ಬಯಲಲ್ಲಿ ಯಾವ ಗಾಡಿಯನ್ನೂ ಅದು ತೋರಿಸಲಿಲ್ಲ. ಅಜ್ಜಯ್ಯ ರಸ್ತೆಯ ನಡುವೆ ಹೋಗಿ ಕೈ ಅಡ್ಡ ಹಿಡಿದು ನಿಂತರು. ಗಾಡಿಗಳು ಹೋದವು ಹೋದವು, ಕೊನೆಗೆ ಕಾಗೆಕಲ್ಲಿನ ಕಡೆ ಹೊರಟಿದ್ದ, ಈರುಳ್ಳಿ ಮೂಟೆ ಹೇರಿದ ಗಾಡಿಯೊಂದು ನಿಂತಿತು.

ಮೂವರೂ ಮೂಟೆಗಳ ಮೇಲೆ ಕೂತರು. ದಾರಿಯಲ್ಲಿ ತಿಪ್ಪೇಶನ ಜೇಬಿನಿಂದ ಇಂಪಾದ ದನಿಯೊಂದು ಎದ್ದಿತು. "ಇಂದಿನ ಜಪ ಪೂರ್ಣವಾಗಿದೆ. ಶಿವನು ನಿಮ್ಮ ಮೇಲೆ ಪ್ರಸನ್ನನಾಗಲಿ."

ಅವನು ಜೇಬನ್ನು ಅಂಗೈಯಿಂದ ಒತ್ತಿ ಹಿಡಿದ.

ಅವರು ಮುಟ್ಟುವ ಹೊತ್ತಿಗೆ ಹೊಲದ ಬದುವಿನಲ್ಲಿ ಹಸಿ ಮಣ್ಣಿನ ದಿಬ್ಬ ಎದ್ದಿತ್ತು. ಜನ ಕಾಲು ತೊಳೆಯಲು ಹೊರಟಿದ್ದರು. ಗುದ್ದಲಿ ಹಿಡಿದವನೊಬ್ಬ ಅವಳನ್ನು ಕಂಡು ಮುಖ ತಿರುಗಿಸಿದ.

ತಂಗಿಯ ಗಂಡ ಓಡಿ ಬಂದ. "ಈಗ ತಾನೇ ಅತ್ತಿಗೇ. ಈಗ ತಾನೇ."

ಮಾರಕ್ಕ ಅಳಲಿಲ್ಲ. ದಿಬ್ಬದ ಪಕ್ಕ ಕೂತಳು. ಚೀಲದಿಂದ ಹಸಿರು ಸೀರೆ ತೆಗೆದಳು. ಮಡಿಕೆ ಬಿಚ್ಚಿದಳು. ತಲೆಯ ಕಡೆ ಯಾವುದು ಎಂದು ಕೇಳಿ ತಿಳಿದು, ಮಣ್ಣಿಗೆ ಹೊದಿಸಿದಳು. ಕಾಲಿನ ಕಡೆ ಗಾಳಿಗೆ ಹಾರದಂತೆ ಎರಡು ಮಣ್ಣಿನ ಹೆಂಟೆ ಇಟ್ಟಳು.

ತಿಪ್ಪೇಶ ಅವಳ ಕಾಲ ಬಳಿ ಬಿದ್ದ. "ತಪ್ಪಾಯ್ತು ಅವ್ವ."

"ಏನು ಮಾಡ್ತಿದ್ದೆಪ್ಪ ಬಸ್ಸಿನಾಗೆ?" ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯಬೇಕಿತ್ತು ಅವಳಿಗೆ.

"ಜಪ, ಅವ್ವ."

"ಯಾರನ್ನ ಕೂಗ್ತಿದ್ದೆ?"

"ಶಿವನನ್ನ."

"ಅವನಾದ್ರೂ ಎದ್ನೇನಪ್ಪ?"

ಅಜ್ಜಯ್ಯ ದಿಬ್ಬಕ್ಕೆ ಕೈಮುಗಿದು ನಿಂತಿದ್ದರು.

ಮರುದಿನ ಆಶ್ರಮ ಸೇರಿದರು. ತಿಪ್ಪೇಶ ಹಜಾರಕ್ಕೆ ಬರಲಿಲ್ಲ. ನೆಟ್ಟಗೆ ಹಳ್ಳಕ್ಕೆ ಇಳಿದ. ಮೊಬೈಲನ್ನು ಹಿಡಿದು ಕೈ ಎತ್ತಿದ.

"ಅದನ್ನು ಯಾಕೆ ಮುಳುಗಿಸ್ತೀಯ?" ಹಿಂದಿನಿಂದ ಅಜ್ಜಯ್ಯ ಕೇಳಿದರು.

"ಎಲ್ಲಾ ಇದರಿಂದಲೇ ಆದದ್ದು ಅಜ್ಜಯ್ಯ."

"ಅದು ಅವಳಿಗೆ ಹೂಂ ಅಂದಿರಲಿಲ್ಲವಲ್ಲ."

ಎತ್ತಿದ ಕೈ ಹಾಗೇ ಕೆಳಗಿಳಿಯಿತು.

"ನಾನು ಮೊದಲೇ ಆಗಲ್ಲ ಅಂದಿದ್ದರೆ..." ಎಂದ ತಿಪ್ಪೇಶ.

"ಕಣ್ಣು ತಿಕ್ಕಿಕೊಂಡು ಎಚ್ಚರ ಇರುತ್ತಿದ್ದಳು. ಇಲ್ಲವೇ ಇನ್ನೊಬ್ಬರನ್ನು ಕೇಳುತ್ತಿದ್ದಳು. ರಾತ್ರಿಯೆಲ್ಲ ಎಚ್ಚರ ಇದ್ದವಳು ನಿನ್ನ ಹೂಂ ಮೇಲೆ ತಲೆ ಇಟ್ಟಳು."

ಹಳ್ಳದಲ್ಲಿ ನೀರು ಸುಮ್ಮನೆ ಹರಿಯುತ್ತಿತ್ತು.

"ಕಂಡಕ್ಟರು ಕೂಗಿದ್ದು ನನಗೂ ಕೇಳಿಸಿತ್ತು," ಅಂದರು ಅಜ್ಜಯ್ಯ. "ಯಾರದೋ ಊರು ಅಂದುಕೊಂಡು ಕೂತೆ."

"ಪ್ರಾಯಶ್ಚಿತ್ತ ಹೇಳಿ ಅಜ್ಜಯ್ಯ. ಏನು ಹೇಳಿದರೂ ಮಾಡ್ತೀನಿ."

"ಮಣ್ಣಿನೊಳಗಿರುವ ಆ ತಂಗಿಯ ಮುಖವನ್ನು ಒಂದು ಗಳಿಗೆ ಹೊರಗೆ ತಂದು ಅವಳಿಗೆ ತೋರಿಸು."

ತಿಪ್ಪೇಶ ಅಳತೊಡಗಿದ.

"ಆಗದು ಅಂದಮೇಲೆ, ಪ್ರಾಯಶ್ಚಿತ್ತವನ್ನು ಸುಲಭದ ಮಾತು ಮಾಡಬೇಡ," ಎಂದು ಅಜ್ಜಯ್ಯ ದಂಡೆ ಹತ್ತಿ ಹೋದರು.

ಸಂಜೆ ರುದ್ರಣ್ಣ ದೀಪ ಹಚ್ಚಿದ. ಎಲ್ಲರೂ ಹಜಾರದಲ್ಲಿ ಕೂತರು. ತಿಪ್ಪೇಶ ತನ್ನ ಜಾಗದಲ್ಲಿ ಕೂತ. ತೊಡೆಯ ಮೇಲೆ ಬರಿಯ ಕೈಗಳಿದ್ದವು. ಕಣ್ಣು ಅಜ್ಜಯ್ಯನ ಮುಖದ ಮೇಲಿತ್ತು.

ಅಜ್ಜಯ್ಯ ಶುರುಮಾಡಿದರು. "ಒಂದೂರಲ್ಲಿ ಒಬ್ಬ ಅಕ್ಕ, ಒಬ್ಬ ತಂಗಿ ಇದ್ದರು."

ಹೂಂ ಬರಬೇಕಿತ್ತು. ಹೂಂ ಬರಲಿಲ್ಲ.

ಅಜ್ಜಯ್ಯ ಕಾದರು. ಬತ್ತಿ ಸಣ್ಣಗೆ ಚಟಪಟ ಅಂದಿತು.

ರುದ್ರಣ್ಣನಿಗೆ ತಡೆಯಲಾಗಲಿಲ್ಲ. "ಅನ್ನೋ ತಿಪ್ಪ. ಕಥೆ ನಿಂತೋಯ್ತಲ್ಲೋ."

ತಿಪ್ಪೇಶ ಇಲ್ಲವೆಂದು ತಲೆಯಾಡಿಸಿದ.

"ಹಂಗಾದ್ರೆ ಮುಂದೇನಾಯ್ತು ಅಜ್ಜಯ್ಯ?"

"ಮುಂದಿಲ್ಲ ರುದ್ರಣ್ಣ. ಅಷ್ಟೇ ಕಥೆ."

ಕಥೆ ಮುಗಿದಮೇಲೆ ಅಜ್ಜಯ್ಯ ದಿನಾ ಹರಸುತ್ತಿದ್ದರು. ಅಂದೂ ಹರಸಲು ಕೈ ಎತ್ತಿದರು.

"ಕಥೆ ಕೇಳಿದವರಿಗೆಲ್ಲ ಒಳ್ಳೆಯದಾಗಲಿ. ಹೂಂ ಅಂದವರಿಗೂ ಒಳ್ಳೆಯದಾಗಲಿ. ಆ ಹೂಂ ನಂಬಿ ಕಣ್ಣು ಮುಚ್ಚಿದವರಿಗೆ, ಶಿವನೇ, ಮೊದಲು ಒಳ್ಳೆಯದಾಗಲಿ."