ಲಗಮವ್ವ ಸಂಜೆ ಹೇಳುತ್ತಿದ್ದ ಹೆಸರುಗಳು

ಬಹಳ ಹಿಂದೆ ಒಂದು ಊರಿತ್ತಂತೆ. ಎಷ್ಟು ಹಿಂದೆ ಎಂದು ಕೇಳಬೇಡಿ, ನಮ್ಮಜ್ಜಿಗೂ ಗೊತ್ತಿರಲಿಲ್ಲ. ಊರಿನ ಹೆಸರು ತೊರೆಹಟ್ಟಿ. ಎರೆಭೂಮಿ ಮುಗಿದು ಕಲ್ಲುನೆಲ ಶುರುವಾಗುವ ಕಡೆ ಇದ್ದ ಕುರುಬರ ಊರು. ದೀಪಾವಳಿ ಮುಗಿಯಿತೆಂದರೆ ಗಂಡಸರು ಹಿಂಡು ಹೊಡೆದುಕೊಂಡು ದಕ್ಷಿಣದ ಮೇವಿನ ಸೀಮೆಗೆ ಹೊರಡುವರು. ಮತ್ತೆ ಅವರ ಮುಖ ಕಾಣುವುದು ಮುಂಗಾರು ಬಿದ್ದ ಮೇಲೆ. ಏಳು ತಿಂಗಳು. ಆ ಏಳು ತಿಂಗಳೂ ಊರಿನಲ್ಲಿ ಒಂದೇ ಮಾತು ಓಡಾಡುತ್ತಿತ್ತಂತೆ. ನಲ್ಲಿಯ ಮುಂದೆ ಅದೇ, ಗಿರಣಿಯ ಪಾಳಿಯಲ್ಲಿ ಅದೇ: ನಮ್ಮವರು ಈಗ ಎಲ್ಲಿ ಅದಾರೋ?

ಆ ಕಾಲಕ್ಕೆ ಫೋನು ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ಇತ್ತು, ಎಲ್ಲರ ಜೇಬಿನಲ್ಲೂ ಇತ್ತು. ಆದರೆ ಚಾರ್ಜಿಗೆ ಹಾಕಲು ಗೋಡೆ ಬೇಕಲ್ಲ, ಬಯಲಲ್ಲಿ ಮಲಗುವವರಿಗೆ ಗೋಡೆ ಎಲ್ಲಿಂದ ಬರಬೇಕು? ಮೂರನೆಯ ದಿನಕ್ಕೆ ಫೋನು ಕಣ್ಣು ಮುಚ್ಚಿತೆಂದರೆ ಮುಂದೆ ಯಾವುದಾದರೂ ಊರಿನ ಚಹಾದಂಗಡಿ ಸಿಗುವ ತನಕ ಅದು ಗಂಟಿನೊಳಗಿನ ಕಲ್ಲಿಗೆ ಸಮ.

ಆ ಊರಿಗೆ ಸೊಸೆಯಾಗಿ ಬಂದವಳು ಲಗಮವ್ವ. ತಾಲ್ಲೂಕಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿತವಳು. ಗಂಡ ಅಡಿವೆಪ್ಪ, ಮಾತು ಕಡಿಮೆ, ನಡಿಗೆ ಜಾಸ್ತಿ. ಮದುವೆಯಾಗಿ ಒಂಬತ್ತು ವರ್ಷವಾದರೂ ಇವರು ಸಂಸಾರ ಮಾಡಿದ್ದು ನಾಲ್ಕು ವರ್ಷವೂ ಇಲ್ಲ ಎಂದು ಓರಗೆಯವರು ಚಾಷ್ಟಿ ಮಾಡುತ್ತಿದ್ದರು. ಅವಳು ನಗುತ್ತಿದ್ದಳು. ಆದರೆ ಅವನಿಲ್ಲದ ಮನೆ ಅವಳಿಗೆ ಬಿಕೋ ಎನ್ನುತ್ತಿತ್ತು. ಬೇಗ ಬಾ ಎಂದು ಅವಳು ಎಂದೂ ಹೇಳಲಿಲ್ಲವಂತೆ. ಕುರಿಗೆ ಮೇವು ಬೇಕು, ಅದು ಅವಳಿಗೂ ಗೊತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನು ಯಾವ ನೆಲದ ಮೇಲೆ ಕೂತಿದ್ದಾನೆ ಎಂಬುದೊಂದು ತಿಳಿದರೆ ಅವಳಿಗೆ ಸಾಕಿತ್ತು.

ಅದಕ್ಕೆ ಅವಳು ಏನು ಮಾಡಿದಳು? ಊರಿನ ಒಂದೊಂದು ಹಿಂಡಿನ ಮುಂದಾಳು ಟಗರಿನ ಕೊರಳಿಗೂ, ಗಂಟೆಯ ಪಕ್ಕದಲ್ಲಿ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ ಕಟ್ಟಿದಳು. ಅದು ಬಿಸಿಲು ಕುಡಿದು ಬದುಕುವ ಡಬ್ಬಿ. ಟವರ್ ಇಲ್ಲದ ಕಡೆಯಿಂದಲೂ ಆಕಾಶದ ಮೂಲಕ ಎರಡು ಅಂಕಿ ಕಳಿಸುತ್ತಿತ್ತು. ಟಗರು ನಿಂತ ಜಾಗದ ಗುರುತು, ಒಂದು ಉದ್ದದ್ದು, ಒಂದು ಅಡ್ಡದ್ದು. ಆದರೆ ಅಂಕಿ ಹಿಡಿದುಕೊಂಡು ಹೆತ್ತವ್ವ ಏನು ಮಾಡಬೇಕು? ಅವಳಿಗೆ ಬೇಕಾದದ್ದು ಜಾಗದ ಹೆಸರು. ದೂರದೇಶದ ಒಂದು ಕಂಪನಿ ಇಡೀ ಭೂಮಿಯ ನಕ್ಷೆ ಇಟ್ಟುಕೊಂಡಿತ್ತು. ಅದರ ಗೋಡೆಯಲ್ಲಿ ಒಂದು ಕಿಂಡಿ ಇತ್ತು ಎಂದುಕೊಳ್ಳಿ. ಓದಿದವರು ಅದಕ್ಕೆ ಎಪಿಐ ಎನ್ನುತ್ತಿದ್ದರಂತೆ, ತೊರೆಹಟ್ಟಿಯವರು ಕಿಂಡಿ ಎಂದೇ ಕರೆದರು. ಲಗಮವ್ವನ ಕಂಪ್ಯೂಟರು ಆ ಕಿಂಡಿಯೊಳಗೆ ಎರಡು ಅಂಕಿ ಹಾಕಿ, ಇದು ಯಾವ ಜಾಗ ಎಂದು ಕೇಳುವುದು. ಒಳಗಿನಿಂದ ಹೆಸರು ಬರುವುದು. ಸಂಜೆ ಊರಿನ ಹೆಂಗಸರು ಒಂದು ನಂಬರಿಗೆ ಫೋನು ಮಾಡಿದರೆ, ನಿಮ್ಮ ಹಿಂಡು ಇವತ್ತು ಇಂಥ ಊರಿನ ಹತ್ತಿರ ಇದೆ ಎಂದು ಒಂದು ದನಿ ಹೇಳುವುದು. ಅಷ್ಟು ಕೇಳಿ ಹೆಂಗಸರು ಉಣ್ಣಲು ಕೂರುತ್ತಿದ್ದರು. ಹಾಗಂತ ಹೇಳುತ್ತಾರೆ.

ಆದರೆ ಕಿಂಡಿ ಬೇರೆಯವರದು. ಇವಳ ಮಾತು ಅಲ್ಲಿ ನಡೆಯುತ್ತದೆಯೇ? ಒಂದು ದಿನ ಇದ್ದಕ್ಕಿದ್ದಂತೆ, ಇನ್ನು ಮೇಲೆ ಈ ರೀತಿ ಕೇಳಬಾರದು, ಆ ರೀತಿ ಕೇಳಬೇಕು ಎಂದಿತು. ಲಗಮವ್ವ ಬರೆದದ್ದನ್ನೆಲ್ಲ ಅಳಿಸಿ ಆ ರೀತಿ ಬರೆದಳು. ಮತ್ತೊಂದು ದಿನ, ನೀನು ಯಾರು, ಗುರುತಿನ ಬೀಗದ ಕೈ ತಾ ಎಂದಿತು. ತಂದಳು. ಮಗದೊಂದು ದಿನ, ದಿನಕ್ಕೆ ಇಷ್ಟೇ ಸಲ ಕೇಳಬೇಕು ಎಂದಿತು. ಊರಿನ ಹಿಂಡುಗಳನ್ನು ಒಂದಾದ ಮೇಲೆ ಒಂದು ಪಾಳಿಗೆ ನಿಲ್ಲಿಸಿದಳು. ಒಂದು ಕೈಯಲ್ಲಿ ರೊಟ್ಟಿ ಬಡಿಯುತ್ತ ಇನ್ನೊಂದು ಕೈಯಲ್ಲಿ ಇದನ್ನೆಲ್ಲ ಬರೆದಳು ಎನ್ನುವವರಿದ್ದಾರೆ. ರೊಟ್ಟಿ ಬಡಿಯಲು ಎರಡೂ ಕೈ ಬೇಕು, ಹಾಗೆ ಹೇಳಿದವರು ಎಂದೂ ಒಲೆಯ ಮುಂದೆ ಕೂತವರಲ್ಲ.

ಒಮ್ಮೆ ಮಾತ್ರ ಅವಳು ಎಡವಿದಳಂತೆ. ಹಳೆಯ ಕಿಂಡಿಯ ಕಾಟ ತಾಳದೆ ಬೇರೆ ಕಂಪನಿಯ ಕಿಂಡಿಗೆ ಹೋದಳು. ಹಳೆಯದರಲ್ಲಿ ಉದ್ದದ ಅಂಕಿ ಮೊದಲು, ಹೊಸದರಲ್ಲಿ ಅಡ್ಡದ ಅಂಕಿ ಮೊದಲು. ಅದು ಅವಳ ಲಕ್ಷ್ಯಕ್ಕೆ ಬರಲಿಲ್ಲ. ಆವತ್ತು ಸಂಜೆ ಫೋನು ಮಾಡಿದ ಹೆಂಗಸರಿಗೆಲ್ಲ ಆ ದನಿ ಏನೆಂದಿತು ಗೊತ್ತೇ? ನಿಮ್ಮ ಹಿಂಡು ಇವತ್ತು ಉತ್ತರದ ಹಿಮ ಸಮುದ್ರದಲ್ಲಿದೆ. ಊರೆಲ್ಲ ಲಗಮವ್ವನ ಅಂಗಳಕ್ಕೆ ಓಡಿ ಬಂತು. ಕೆಂಚವ್ವ ಎಂಬ ಮುದುಕಿಯೊಬ್ಬಳು ಮಾತ್ರ ಎಲೆ ಅಡಿಕೆ ಮೆಲ್ಲುತ್ತ ಕೂತಲ್ಲಿಂದ ಏಳಲಿಲ್ಲ. ಹೆಂಗಸರೂ ಹಿಂಡಿನ ಜೊತೆ ಹೋಗುತ್ತಿದ್ದ ಕಾಲದಲ್ಲಿ ನಲವತ್ತು ವರ್ಷ ಗಂಡನ ಹಿಂದೆ, ಹಿಂಡಿನ ಹಿಂದೆ ನಡೆದು ಕಾಲು ಸವೆಸಿದವಳು ಅವಳು.

“ಕಂಬಳಿ ಒಯ್ದಾರ ಬಿಡವ್ವಾ,” ಎಂದಳಂತೆ, “ಏನೂ ಆಗೂದಿಲ್ಲ.”

ಕೇಳಿದ ಊರೆಲ್ಲ ನಕ್ಕಿತು. ಲಗಮವ್ವ ಅಂಕಿಗಳನ್ನು ಅದಲು ಬದಲು ಮಾಡಿದಳು, ಹಿಂಡು ಸಮುದ್ರದಿಂದ ಎದ್ದು ಬಂತು. ಇಂದಿಗೂ ಆ ಕಡೆ ಯಾರಾದರೂ ದಾರಿ ತಪ್ಪಿ ತಡವಾಗಿ ಬಂದರೆ, ಹಿಮದಾಗ ಕುರಿ ಮೇಸಾಕ ಹೋಗಿದ್ದೇನು ಎಂದು ಕೇಳುತ್ತಾರೆ.

ಹೀಗೆ ಆರೇಳು ವರ್ಷ ನಡೆಯಿತು. ಒಂದು ಚಳಿಗಾಲ, ಹಿಂಡುಗಳು ಹೊರಟು ತಿಂಗಳಾಗಿತ್ತು, ಅವಳು ಕೇಳುತ್ತಿದ್ದ ಕಿಂಡಿಯ ಕಂಪನಿಯಿಂದ ಒಂದು ಪತ್ರ ಬಂತು. ಇಷ್ಟು ದಿನ ನಮ್ಮೊಂದಿಗೆ ಇದ್ದದ್ದಕ್ಕೆ ಧನ್ಯವಾದ, ಮೂವತ್ತು ದಿನಗಳ ನಂತರ ಕಿಂಡಿ ಮುಚ್ಚುತ್ತೇವೆ ಎಂದು ಅದರಲ್ಲಿತ್ತು. ಕೊಟ್ಟ ಹೆಸರುಗಳನ್ನು ನಿಮ್ಮಲ್ಲಿ ಇಟ್ಟುಕೊಳ್ಳಬಾರದು ಎಂಬ ಕರಾರು ಮೊದಲಿನಿಂದಲೂ ಇತ್ತು. ಅವಳು ಮಾತಿಗೆ ತಪ್ಪುವವಳಲ್ಲ, ಒಂದನ್ನೂ ಇಟ್ಟುಕೊಂಡಿರಲಿಲ್ಲ. ಅವಳು ಬೇರೆ ಬೇರೆ ಕಿಂಡಿಗಳನ್ನು ತಟ್ಟಿದಳು. ಒಂದು ತೆರೆಯಲಿಲ್ಲ. ಒಂದು ಕೇಳಿದ ಕಾಗದಪತ್ರ ಇವಳ ಬಳಿ ಇರಲಿಲ್ಲ. ಮೂವತ್ತನೆಯ ದಿನ ಒಂದು ಸಿಕ್ಕಿತು. ಅದಕ್ಕೆ ದೊಡ್ಡ ದೊಡ್ಡ ಪಟ್ಟಣಗಳೆಲ್ಲ ಗೊತ್ತಿದ್ದವು. ಆದರೆ ಆ ಸಂಜೆ ಹೆಂಗಸರು ಫೋನು ಮಾಡಿದಾಗ ದನಿ ಹೇಳಿತು: ನಿಮ್ಮ ಹಿಂಡು ಇವತ್ತು ಹೆಸರಿಲ್ಲದ ಜಾಗದಲ್ಲಿದೆ.

ಒಬ್ಬಳಿಗೂ ಅದೇ, ಇನ್ನೊಬ್ಬಳಿಗೂ ಅದೇ. ಹಿಮ ಸಮುದ್ರ ಎಂದಾಗ ನಕ್ಕ ಊರು ಈಗ ನಗಲಿಲ್ಲ. ಬಸುರಿಯೊಬ್ಬಳು ಫೋನು ಹಿಡಿದುಕೊಂಡೇ ಬಿಕ್ಕಿದಳು. ಅಡಿವೆಪ್ಪ ಎಲ್ಲಿದ್ದಾನೆ ಎಂದರೆ, ಎಲ್ಲಿಯೂ ಇಲ್ಲ ಎಂದ ಹಾಗಾಯಿತಲ್ಲ ಎಂದು ಲಗಮವ್ವನಿಗೂ ಸಂಕಟವಾಯಿತು. ಆಗ ಕೆಂಚವ್ವ ಕೋಲೂರಿಕೊಂಡು ಎದ್ದು ಬಂದಳಂತೆ. ನಿನ್ನೆ ಅಡಿವೆಪ್ಪನ ಹಿಂಡಿಗೆ ದನಿ ಯಾವ ಊರು ಹೇಳಿತ್ತು ಎಂದು ಕೇಳಿಕೊಂಡಳು. ಅಲ್ಲಿಂದ ಒಂದು ದಿನದ ನಡಿಗೆ, ಹಳ್ಳ ದಾಟಿದ ಮೇಲೆ ದಿಬ್ಬ, ದಿಬ್ಬದ ಕೆಳಗೆ ಹುಣಸೆಮರ, ಎಂದು ಬೆರಳು ಮಡಿಚುತ್ತ ಬಂದಳು. ಆಮೇಲೆ ಸಿಟ್ಟಿನಿಂದ ಹೇಳಿದಳು.

“ಹೆಸರಿಲ್ಲದ ಜಾಗ ಅಂದ್ರ ಏನು? ನನ್ನ ಹಿರೇ ಮಗನ್ನ ಅಲ್ಲೇ ಹಡದೀನಿ ನಾ. ಅದು ಬಾಣಂತಿ ಹುಣಸಿ.”

ಮರುದಿನ ಬೆಳಿಗ್ಗೆಯೇ ಲಗಮವ್ವ ಕಟ್ಟೆಯ ಮೇಲೆ ಒಂದು ಕರಿಕಂಬಳಿ ಹಾಸಿದಳು. ಊರಿನ ಮುದುಕಿಯರನ್ನೆಲ್ಲ ಸುತ್ತ ಕೂರಿಸಿದಳು. ಎಲ್ಲರೂ ಒಂದು ಕಾಲಕ್ಕೆ ಹಿಂಡಿನ ಹಿಂದೆ ನಡೆದವರೇ. ಡಬ್ಬಿಯ ಅಂಕಿ ತೋರಿಸಿದ ಕಡೆಗಳಲ್ಲಿ ಕಂಬಳಿಯ ಮೇಲೆ ಜೋಳದ ಕಾಳು ಇಡುತ್ತ ಹೋದಳು, ಇದು ಯಾವುದು, ಇದು ಯಾವುದು ಎಂದು ಕೇಳುತ್ತ ಹೋದಳು. ಹದ್ದಿನ ಬಂಡೆ ಎಂದರು. ಉಪ್ಪಿನ ಹಳ್ಳ ಎಂದರು. ಗಂಟೆ ಕಳೆದ ಓಣಿ, ಒಂಟಿಬೇವು, ಮೂರು ಬಾವಿಯ ಬಯಲು, ತೋಳ ನೀರು ಕುಡಿದ ಮಡು. ಒಂದೇ ಜಾಗಕ್ಕೆ ಇಬ್ಬರು ಎರಡು ಹೆಸರು ಹೇಳಿ ಜಗಳಕ್ಕೆ ನಿಂತರು, ಲಗಮವ್ವ ಎರಡನ್ನೂ ಇಟ್ಟುಕೊಂಡಳು. ಹೇಳಿದ್ದನ್ನು ಅವರವರ ದನಿಯಲ್ಲೇ ಕಂಪ್ಯೂಟರಿನಲ್ಲಿ ಹಿಡಿದಿಟ್ಟಳು. ಯುಗಾದಿಯ ಹೊತ್ತಿಗೆ ಇನ್ನೂರು ಚಿಲ್ಲರೆ ಹೆಸರು ಕೂಡಿದವಂತೆ. ಅಲ್ಲಿಂದ ಮುಂದೆ ಹೆಂಗಸರು ಸಂಜೆ ಫೋನು ಮಾಡಿದರೆ ಕಂಪನಿಯ ದನಿ ಇಲ್ಲ. ಕೆಂಚವ್ವ ಗೊಗ್ಗರು ದನಿಯಲ್ಲಿ ಹೇಳುತ್ತಿದ್ದಳು, ನಿಮ್ಮ ಹಿಂಡು ಬಾಣಂತಿ ಹುಣಸಿ ಕೆಳಗ ಐತಿ, ನೀರು ಚಲೋ ಐತಿ. ಆ ನೀರಿನ ಮಾತನ್ನು ಹೊಸೆದು ಸೇರಿಸಿದವಳು ಅವಳೇ. ಹೆಸರಿಗಾಗಿ ಲಗಮವ್ವ ಮತ್ತೆ ಯಾರ ಕಿಂಡಿಯನ್ನೂ ತಟ್ಟಲಿಲ್ಲ ಎಂದು ಹೇಳುತ್ತಾರೆ.

ಕತೆ ಇಲ್ಲಿಗೇ ನಿಲ್ಲಬೇಕಿತ್ತು. ನಾನಾಗಿದ್ದರೆ ನಿಲ್ಲಿಸುತ್ತಿದ್ದೆ. ಆದರೆ ಹೆಸರು ಊರಿನದಾದರೂ ಅಂಕಿ ಇನ್ನೂ ಬೇರೆಯವರದೇ ಆಗಿತ್ತು. ಕೆಲವು ವರ್ಷಗಳಾದ ಮೇಲೆ, ಡಬ್ಬಿಯ ಅಂಕಿಯನ್ನು ಆಕಾಶದಿಂದ ಹೊತ್ತು ತರುತ್ತಿದ್ದ ಕಂಪನಿಯೂ ಪತ್ರ ಬರೆಯಿತು. ಮತ್ತೆ ಧನ್ಯವಾದ, ಮತ್ತೆ ಮೂವತ್ತು ದಿನ. ಲಗಮವ್ವ ಹತ್ತು ಕಾಗದ ಬರೆದಳು. ಹಿಂಡುಗಳು ಬಯಲಲ್ಲಿವೆ, ಮುಂಗಾರಿನ ತನಕ ತಡೆಯಿರಿ ಎಂದು ಬೇಡಿದಳು. ಒಂದಕ್ಕೂ ಉತ್ತರವಿಲ್ಲ. ಕೊನೆಯ ಸಂಜೆ ಅಡಿವೆಪ್ಪನ ಟಗರಿನಿಂದ ಬಂದ ಅಂಕಿ ಉಪ್ಪಿನ ಹಳ್ಳದ್ದು. ಆಮೇಲೆ ಏನೂ ಬರಲಿಲ್ಲ.

ಅವಳು ಆ ದಿನ ಚೆನ್ನಾಗಿ ಅತ್ತಳಂತೆ. ಮರುದಿನ ಸಂಜೆ ದೀಪ ಹಚ್ಚಿ ಹೊಸ್ತಿಲ ಹೊರಗೆ ಬಂದು, ದಕ್ಷಿಣಕ್ಕೆ ಮುಖ ಮಾಡಿ, ಗಟ್ಟಿಯಾಗಿ ಒಂಟಿಬೇವು ಎಂದಳು. ಉಪ್ಪಿನ ಹಳ್ಳದಿಂದ ಒಂದು ದಿನದ ನಡಿಗೆಗೆ ಅದೇ ತಾನೇ ಬಿಡಾರ? ಎದುರು ಮನೆಯವಳು ಕೇಳಿಸಿಕೊಂಡಳು, ಅವಳೂ ಹೊರಗೆ ಬಂದು ತನ್ನವನ ಜಾಗ ಹೇಳಿದಳು. ನಾಲ್ಕು ದಿನದಲ್ಲಿ ಊರೇ ಹೊಸ್ತಿಲಿಗೆ ಬಂತು. ಮರಿ ಹಾಕುವ ಕಾಲವಾದರೆ ಹಿಂಡು ನಿಧಾನ ಎಂದು ಮುದುಕಿಯರು ಹೇಳಿಕೊಡುವರು. ಮೇವು ಚೆನ್ನಾಗಿದ್ದರೆ ಒಂದೇ ಕಡೆ ಮೂರು ದಿನ ಎನ್ನುವರು. ಸರಿಯೋ ತಪ್ಪೋ ಯಾರಿಗೆ ಗೊತ್ತು? ಆದರೂ ಲಗಮವ್ವ ದಿನಕ್ಕೊಂದು ಹೆಸರು ಹೇಳಿ ಗಂಡನನ್ನು ಬಿಡಾರದಿಂದ ಬಿಡಾರಕ್ಕೆ ನಡೆಸುತ್ತ ಹೋದಳು. ಹೇಳಿದ ಮೇಲೆ ಅವನು ಅಲ್ಲಿ ಕೂತು ರೊಟ್ಟಿ ಮುರಿಯುವುದು ಅವಳಿಗೆ ಕಾಣುತ್ತಿತ್ತಂತೆ.

ಹೀಗೆ ಇರುವಾಗ ಅಡಿವೆಪ್ಪನ ಜೊತೆಗಾರ ಮುತ್ತೆಪ್ಪ ಒಂದು ಮಧ್ಯಾಹ್ನ ಬಸ್ಸಿಳಿದು ಬಂದ. ಒಬ್ಬನೇ ಬಂದ. ಅಂಗಳದಲ್ಲಿ ನಿಂತು ತಲೆಯ ಪಟಕ ತೆಗೆದ, ಅಷ್ಟಕ್ಕೇ ಎಲ್ಲರಿಗೂ ತಿಳಿಯಿತು. ಮೂರು ದಿನದ ಜ್ವರ, ಆಸ್ಪತ್ರೆ ದೂರ, ಹೊತ್ತುಕೊಂಡು ಹೋಗುವಷ್ಟರಲ್ಲಿ ಜೀವ ಹೋಯಿತು ಎಂದ. ಹದ್ದಿನ ಬಂಡೆಯ ಮಗ್ಗುಲಲ್ಲಿ ಮಣ್ಣು ಮಾಡಿದೆವು, ಹಿಂಡನ್ನು ಇನ್ನೊಬ್ಬರಿಗೆ ಒಪ್ಪಿಸಿ ಬರುವ ಹೊತ್ತಿಗೆ ಇಷ್ಟು ದಿನವಾಯಿತು, ಇದು ಫೋನಿನಲ್ಲಿ ಹೇಳುವ ಮಾತಲ್ಲ ಎಂದು ನಾನೇ ಬಂದೆ ಎಂದ. ಎಷ್ಟು ದಿನ ಎಂದು ಲಗಮವ್ವ ಕೇಳಿದಳು. ಹನ್ನೊಂದು ಎಂದ. ಹನ್ನೊಂದು ದಿನದ ಹಿಂದಿನ ಸಂಜೆ ಅವಳು ಹೇಳಿದ ಹೆಸರು ಮೂರು ಬಾವಿಯ ಬಯಲು. ಹದ್ದಿನ ಬಂಡೆಗಿಂತ ಒಂದೇ ಬಿಡಾರ ಮುಂದೆ. ಆಮೇಲಿನ ಹತ್ತು ಸಂಜೆ ಅವಳು ಇಲ್ಲದ ಗಂಡನನ್ನು ಮುಂದೆ ಮುಂದೆ ನಡೆಸಿದ್ದಳು.

ಹೆಂಗಸರು ಅವಳನ್ನು ತಬ್ಬಿಕೊಂಡು ಗೋಳೋ ಎಂದು ಅಳತೊಡಗಿದರು. ಅವಳು ಅಳಲಿಲ್ಲ. ಆ ಸಂಜೆ ದೀಪ ಹಚ್ಚಿ ಎಂದಿನಂತೆ ಹೊಸ್ತಿಲ ಹೊರಗೆ ಬಂದಳು. ತಲೆ ಕೆಟ್ಟಿತು ಎಂದುಕೊಂಡು ಮುತ್ತೆಪ್ಪ ಅಡ್ಡ ಬಂದ. ತಂಗಿ, ಇನ್ನು ಸಾಕು ಮಾಡು, ಅವನು ಇಲ್ಲ ಎಂದ. ಆಗ ಅವಳು ಹೇಳಿದ ಮಾತನ್ನು ಆ ಕಡೆಯ ಜನ ಒಂದಕ್ಷರ ಬಿಡದೆ ಇಟ್ಟುಕೊಂಡಿದ್ದಾರೆ.

“ಅರ್ಧ ದಾರ್ಯಾಗ ಬಿಟ್ಟು ಹೋಗೂದು ಆ ಕಂಪನಿಯವರ ಕೆಲಸ, ಅಣ್ಣಾ. ನಂದಲ್ಲ. ನಾ ಅವನ್ನ ಮನೀ ಮುಟ್ಟಸ್ತೀನಿ.”

ಹಾಗೆಂದು ದಕ್ಷಿಣಕ್ಕೆ ತಿರುಗಿ ಹದ್ದಿನ ಬಂಡೆ ಎಂದಳು. ಮರುದಿನ ಅದರ ಈಚೆಯ ಬಿಡಾರ. ಅದರ ಮರುದಿನ ಅದಕ್ಕೂ ಈಚೆಯದು. ಒಂದು ಸಂಜೆ ಅಡ್ಡಮಳೆ ಸುರಿಯಿತು. ಆವತ್ತು ಅವಳು ಹಿಂದಿನ ದಿನದ ಹೆಸರನ್ನೇ ಮತ್ತೆ ಹೇಳಿದಳು, ಮಳೆಯಲ್ಲಿ ಅವನು ಹಿಂಡು ಎಬ್ಬಿಸುವವನಲ್ಲ. ಬಾಣಂತಿ ಹುಣಸಿ ಬಂದ ಸಂಜೆ ಕೆಂಚವ್ವ ಪಕ್ಕದಲ್ಲಿ ಬಂದು ನಿಂತಳು, ನೀರು ಚಲೋ ಐತಿ ಎಂದು ಮೆಲ್ಲಗೆ ಸೇರಿಸಿದಳು. ಒಟ್ಟು ಮೂವತ್ತಾರು ಸಂಜೆ. ಕಡೆಕಡೆಗೆ ಟಗರಿನ ಗಂಟೆ ಕೇಳಿಸುತ್ತಿತ್ತು ಎನ್ನುವವರಿದ್ದಾರೆ. ನಾನು ನಂಬುವುದಿಲ್ಲ, ಆದರೆ ಹಾಗೆ ಹೇಳುವವರ ಬಾಯಿ ಮುಚ್ಚಿಸಲು ನನಗೆ ಮನಸ್ಸು ಬರುವುದಿಲ್ಲ. ಮೂವತ್ತಾರನೆಯ ಸಂಜೆ ಅವಳು ದಕ್ಷಿಣಕ್ಕೆ ನೋಡಲಿಲ್ಲ. ತನ್ನ ಮನೆಯ ಬಾಗಿಲ ಕಡೆಗೆ ತಿರುಗಿ ತೊರೆಹಟ್ಟಿ ಎಂದಳು. ಕಾಲು ತೊಳೆಯಲು ತಂಬಿಗೆ ನೀರಿಟ್ಟಳು. ಅಲ್ಲೇ ಕುಸಿದು ಕೂತು, ಏಳು ಹಳ್ಳಿಗೆ ಕೇಳುವ ಹಾಗೆ ಅತ್ತಳು.

ಲಗಮವ್ವ ಹೋಗಿ ಎಷ್ಟೋ ಕಾಲವಾಯಿತು. ಆ ಡಬ್ಬಿ, ಆ ಕಂಪನಿಗಳು, ಅವುಗಳ ಹೆಸರು ಕೂಡ ಈಗ ಯಾರಿಗೂ ನೆನಪಿಲ್ಲ. ಆದರೆ ಆ ಸೀಮೆಯಲ್ಲಿ ಇಂದಿಗೂ ಹಿಂಡಿನ ಜೊತೆ ಹೋದವನು ಬಯಲಲ್ಲಿ ತೀರಿಕೊಂಡರೆ ಮನೆಯವರು ಸುದ್ದಿ ಕೇಳಿದ ಕೂಡಲೇ ಅಳುವುದಿಲ್ಲ. ಬಳೆ ಒಡೆಯುವುದಿಲ್ಲ, ತಿಥಿ ಗೊತ್ತು ಮಾಡುವುದಿಲ್ಲ. ದಿನಾ ಸಂಜೆ ಹೊಸ್ತಿಲ ಹೊರಗೆ ನಿಂತು, ಅವನು ತೀರಿದ ಜಾಗದಿಂದ ಈ ಕಡೆಗೆ ಒಂದೊಂದೇ ಬಿಡಾರದ ಹೆಸರು ಹೇಳುತ್ತ ಬರುತ್ತಾರೆ. ಮಳೆ ಬಂದರೆ ಅವನನ್ನು ಅಲ್ಲೇ ನಿಲ್ಲಿಸಿಕೊಳ್ಳುತ್ತಾರೆ. ಆ ದಿನಗಳಲ್ಲಿ ಯಾರಾದರೂ ಬಂದು ನಿಮ್ಮವರು ಹೋದರಂತಲ್ಲ ಎಂದು ಕೇಳಿದರೆ, ಇಲ್ಲ, ಇನ್ನೂ ದಾರಿಯಲ್ಲಿದ್ದಾರೆ ಎನ್ನುತ್ತಾರೆ.