ಹರಿಗೋಲಿನ ಚಿಕ್ಕೀರ ಮತ್ತು ಉಣ್ಣದ ಕೂಸು

“ಕೇಳಿರಪ್ಪೋ ಕೇಳಿ! ನಂದಿವಾಳದ ಅರಸರಾದ ಕೇತರಸರ ಅಪ್ಪಣೆ! ಅರಸರ ಮಗಳು, ತಾಯಿಲ್ಲದ ಕೂಸು ಚಂದಲೆ ಊಟ ಬಿಟ್ಟಿದ್ದಾಳೆ. ಅವಳಿಗೆ ಉಣಿಸಿದವರಿಗೆ ಅರ್ಧ ರಾಜ್ಯ! ಆದರೆ ತಟ್ಟೆ ಮುಟ್ಟುವ ಮೊದಲು ಅರಸರ ಮೂರು ಒಗಟು ಒಡೆಯಬೇಕು. ಒಂದು ತಪ್ಪಿದರೂ ತಲೆ ಉಳಿಯುವುದಿಲ್ಲ!”

ಹೊಳೆಯ ಕಡವಿನಲ್ಲಿ ಡಂಗುರ ಕೇಳಿದ ಜನರೆಲ್ಲ ಹೆದರಿ ಸರಿದರು. ಹರಿಗೋಲು ನಡೆಸುವ ಚಿಕ್ಕೀರ ಒಬ್ಬನೇ ಹುಟ್ಟು ಕೆಳಗಿಟ್ಟು ಎದ್ದು ನಿಂತ. ಅವನಿಗೆ ಬೇಕಾದದ್ದು ಅರ್ಧ ರಾಜ್ಯವಲ್ಲ, ಆ ಕೊನೆಯ ಮಾತು. ಹೆಂಡತಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಅವಳು ಬಿಟ್ಟುಹೋದ ಹೆಣ್ಣುಕೂಸು ಗಂಗಿಯನ್ನು ಅವನೇ ತಾಯಾಗಿ ಸಾಕಿದ್ದ. ಕಳೆದ ಮಳೆಗಾಲದ ಜ್ವರದಲ್ಲಿ ಅದೂ ಹೋಯಿತು. ಸಾಯಲು ಹೊಳೆಗೆ ಇಳಿದರೆ ಕೈಕಾಲು ತಾವಾಗಿ ಈಜಿ ದಡಕ್ಕೆ ತಂದು ಹಾಕುತ್ತಿದ್ದವು. ಒಂದು ತಪ್ಪು ಮಾತಾಡಿದರೆ ಸಾಕು, ಅರಸನೇ ಕೆಲಸ ಮುಗಿಸಿಕೊಡುತ್ತಾನೆ ಎಂದುಕೊಂಡು ಅರಮನೆಯ ಹಾದಿ ಹಿಡಿದ.

ಅರಸ ಮೊದಲು ಹೀಗೆ ಕ್ರೂರಿಯಾಗಿರಲಿಲ್ಲ. ರಾಣಿ ಸತ್ತು ಕೂಸು ಊಟ ಬಿಟ್ಟಾಗ ಬಹುಮಾನದ ಆಸೆಗೆ ಬಂದವರು ಕೂಸಿನ ಮೂಗು ಹಿಡಿದು ಗಂಟಲಿಗೆ ತುರುಕಿದ್ದರು, ಗುಮ್ಮ ಬರುತ್ತಾನೆಂದು ಬೆದರಿಸಿದ್ದರು. ಈಗ ತಟ್ಟೆ ಕಂಡರೆ ಸಾಕು, ಚಂದಲೆ ಬಾಯಿ ಬಿಗಿದು ನಡುಗುತ್ತಿದ್ದಳು. ಸಕ್ಕರೆ ಹಾಲು ಬಿಟ್ಟರೆ ಬೇರೇನೂ ಒಳಗೆ ಇಳಿಯುತ್ತಿರಲಿಲ್ಲ. ಅದಕ್ಕೇ ಅರಸ ಈ ಕಟ್ಟಳೆ ಮಾಡಿದ್ದ. ಒಗಟುಗಳು ತೀರಿಹೋದ ರಾಣಿಯವು. ಕೂಸಿಗೆ ಉಣಿಸುತ್ತ ಗಂಡನನ್ನು ಕೇಳಿ ನಗುತ್ತಿದ್ದಳಂತೆ.

ಅಂದು ಸಭೆಗೆ ಚಿಕ್ಕೀರನಿಗಿಂತ ಮುಂಚೆ ಇಬ್ಬರು ಬಂದಿದ್ದರು. ಮೊದಲನೆಯವನು ಪಕ್ಕದ ನಾಡಿನ ರಾಜಕುಮಾರ.

ಅರಸ ಕೇಳಿದ: “ಹೊಲದಲ್ಲಿ ಮುಷ್ಟಿ ಬಿಗಿದು ನಿಲ್ಲುತ್ತಾನೆ, ಯಾರನ್ನೂ ಹೊಡೆಯುವುದಿಲ್ಲ. ಕರಿಯನೆಂದು ಅರಮನೆಯವರು ಒಳಗೆ ಕರೆಯುವುದಿಲ್ಲ, ಆದರೆ ಹಲ್ಲಿಲ್ಲದವರನ್ನೂ ಸಾಕುತ್ತಾನೆ. ಯಾರವನು?”

“ಕಾಲಾಳು ಸಿಪಾಯಿ!” ಎಂದ ರಾಜಕುಮಾರ. ಕಾವಲಿನವರು ಅವನನ್ನು ಎಳೆದೊಯ್ದರು. ಮಾರನೆಯ ಬೆಳಗ್ಗೆ ಶಿರಚ್ಛೇದವೆಂದು ಸೆರೆಗೆ ಹಾಕಿದರು.

ಎರಡನೆಯವನು ರೇಷ್ಮೆ ವ್ಯಾಪಾರಿ. ಅವನು ಮೊದಲ ಒಗಟನ್ನು ಹೇಗೋ ಒಡೆದು ಉತ್ತರವನ್ನು ಅರಸನ ಕಿವಿಯಲ್ಲಿ ಹೇಳಿದ. ಅರಸ ಎರಡನೆಯದನ್ನು ಹಾಕಿದ: “ಪುಟ್ಟ ಕೋಟೆ. ಕೆಂಪು ಕದ ಎರಡು, ಒಳಗೆ ಬಿಳಿ ಕಾವಲುಗಾರರು. ಸೈನ್ಯ ಬಂದರೂ ಜಗ್ಗದ ಕದ, ಒಳಗಿನ ಒಡತಿ ಮನಸ್ಸು ಮಾಡಿದರೆ ತಾನೇ ತೆರೆಯುತ್ತದೆ. ಯಾವ ಕೋಟೆ?”

“ದಾಳಿಂಬೆ ಹಣ್ಣು...” ಎನ್ನುತ್ತಲೇ ವ್ಯಾಪಾರಿ ಅರಸನ ಮುಖ ನೋಡಿ ಕುಸಿದು ಕೂತ. ಅವನನ್ನೂ ಹೊತ್ತೊಯ್ದರು.

ಎರಡೂ ಒಗಟು ಕೇಳಿಸಿಕೊಂಡಿದ್ದ ಚಿಕ್ಕೀರ ಮುಂದೆ ಬಂದ. ಬಾಯಿಗೆ ಬಂದದ್ದು ಹೇಳಿ ಮುಗಿಸಬೇಕೆಂದು ತಲೆಯೆತ್ತಿದವನಿಗೆ ಸಿಂಹಾಸನದ ಪಕ್ಕದಲ್ಲಿ ಕೂತಿದ್ದ ಕೂಸು ಕಂಡಿತು. ಮಣಿಕಟ್ಟು ಹುಲ್ಲುಕಡ್ಡಿಯಂತಿತ್ತು. ಕೊನೆಯ ದಿನಗಳಲ್ಲಿ ಗಂಗಿಯ ಕೈಯೂ ಹೀಗೇ ಇತ್ತು. ತಪ್ಪು ಹೇಳಲು ಅವನ ನಾಲಿಗೆ ಏಳಲೇ ಇಲ್ಲ.

“ಮೊದಲನೇದು ರಾಗಿ ತೆನೆ, ಬುದ್ಧಿ. ಅದರ ಗಂಜಿಯಲ್ಲೇ ನನ್ನ ಕೂಸು ಬೆಳೆದದ್ದು. ಎರಡನೇದು ಮಗೀನ ಬಾಯಿ. ಕದ ತುಟಿ, ಕಾವಲುಗಾರರು ಹಾಲುಹಲ್ಲು. ಅದನ್ನ ಬಲವಂತದಿಂದ ತೆಗೆಸೋಕೆ ಆಗಕಿಲ್ಲ.”

ಅರಸನ ದನಿ ಸಣ್ಣದಾಯಿತು. “ಒಬ್ಬರು ನುಂಗಿದರೆ ಇನ್ನೊಬ್ಬರ ಹೊಟ್ಟೆ ತುಂಬುತ್ತದೆ. ಒಬ್ಬರು ಒಲ್ಲೆನೆಂದರೆ ಇನ್ನೊಬ್ಬರು ಎಷ್ಟು ಉಂಡರೂ ಹಸಿದೇ ಇರುತ್ತಾರೆ. ಏನದು?”

ಚಿಕ್ಕೀರನಿಗೆ ಉತ್ತರ ಗೊತ್ತಿತ್ತು. ಹೇಳದೆ ನಿಂತರೂ ಸಾವು ಸಿಗುತ್ತಿತ್ತು. ಸಭೆ ಕಾಯಿತು, ಕಾವಲಿನವನು ಹತ್ತಿರ ಬಂದ. ಕೂಸು ಒಣ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಿತು.

“ಕೂಸಿನ ಬಾಯಿಗೆ ಹೆತ್ತವರು ಇಡೋ ತುತ್ತು,” ಎಂದ. “ನನ್ನ ಗಂಗಿ ಕೊನೇ ತುತ್ತು ಒಲ್ಲೆ ಅಂತು ಬುದ್ಧಿ. ಅವತ್ತಿಂದ ನಂಗೆ ಹೊಟ್ಟೆ ತುಂಬಿಲ್ಲ.”

ಅರಸ ಮುಖ ಮುಚ್ಚಿಕೊಂಡ. “ಉಣಿಸಪ್ಪ,” ಎಂದ.

ಚಿಕ್ಕೀರ ಬೆಳ್ಳಿ ತಟ್ಟೆಗಳನ್ನೆಲ್ಲ ಹೊರಗೆ ಕಳಿಸಿದ. ಮೆತ್ತನೆಯ ರಾಗಿಮುದ್ದೆ, ಸೊಪ್ಪಿನ ಸಾರು, ಅಗಲವಾದ ಒಂದು ಎಲೆ ತರಿಸಿ ನೆಲದ ಮೇಲೆ ಕೂತ. “ಬುದ್ಧಿ, ನೀವು ಈ ಕೂಸಿನ ಎದುರಿಗೆ ಕೂತು ಉಂಡು ಎಷ್ಟು ಕಾಲ ಆಯ್ತು?”

ರಾಣಿ ಹೋದ ಮೇಲೆ ಅರಸ ಬಾಗಿಲು ಹಾಕಿಕೊಂಡು ಒಬ್ಬನೇ ಉಣ್ಣುತ್ತಿದ್ದ.

“ಬನ್ನಿ, ಕೂತ್ಕಳಿ. ಕೂಸಿನ ಕಡೆ ನೋಡಬ್ಯಾಡಿ, ತಿನ್ನು ಅನ್ನಬ್ಯಾಡಿ. ನೀವು ಉಣ್ಣಿ, ಸಾಕು.”

ಕಿರೀಟ ಬದಿಗಿಟ್ಟು ಅರಸ ನೆಲಕ್ಕೆ ಕೂತ. ಇಬ್ಬರೂ ಒಂದೇ ಎಲೆಯಲ್ಲಿ ಉಂಡರು. ಅರಸನ ಕಣ್ಣೀರು ಸಾರಿಗೆ ಬಿತ್ತು. ಊಟ ಕಂಡು ಕಂಬದ ಹಿಂದೆ ಅಡಗಿದ್ದ ಚಂದಲೆ ಇಣುಕಿ ನೋಡಿದಳು, ಮೆಲ್ಲಗೆ ತೆವಳಿಕೊಂಡು ಬಂದಳು. ಸಾರಿಗೆ ಬೆರಳು ಅದ್ದಿ ನೆಕ್ಕಿ ಮುಖ ಹಿಂಡಿದಳು. ಚೂರು ಮುದ್ದೆ ಬಾಯಿಗಿಟ್ಟು ಉಗಿದಳು. ಯಾರೂ ಗದರಲಿಲ್ಲ. ಅವಳು ಅಪ್ಪನ ಬಾಯನ್ನೇ ನೋಡುತ್ತ ಇನ್ನೊಂದು ಚೂರು ಕಿತ್ತು ಸಾರಿಗೆ ಅದ್ದಿದಳು. ಈ ಸಲ ನುಂಗಿದಳು. ಅಂದು ಅವಳು ಉಂಡದ್ದು ನೆಲ್ಲಿಕಾಯಿಯಷ್ಟು. ಅರಸನಿಗೆ ಅಷ್ಟೇ ಹಬ್ಬದೂಟ.

“ಅರ್ಧ ರಾಜ್ಯ ನಿನ್ನದು,” ಎಂದ ಅರಸ.

“ನಂಗ್ಯಾಕೆ ಬುದ್ಧಿ? ಸೆರೇಲಿರೋ ಆ ಇಬ್ಬರನ್ನ ಬಿಟ್ಟುಬಿಡಿ. ಅವರ ಮನೇಲೂ ಯಾರೋ ತುತ್ತು ಹಿಡಕೊಂಡು ಕಾಯ್ತಿರ್ತಾರೆ.”

ಅರಸ ತಲೆ ತಗ್ಗಿಸಿ ಇಬ್ಬರನ್ನೂ ಬಿಡಿಸಿದ. ಕಡವಿನ ಸುತ್ತಲ ಹೊಲವನ್ನು ಚಿಕ್ಕೀರನ ಹೆಸರಿಗೆ ಬರೆಸಿ, ಒಲ್ಲೆನೆಂದರೂ ಕೇಳದೆ ಕೊಟ್ಟ.

ಚಿಕ್ಕೀರ ಹೊರಡಲು ಎದ್ದಾಗ ಚಂದಲೆ ಸಾರಿನ ಕೈಯಲ್ಲೇ ಅವನ ಪಂಚೆ ಹಿಡಿದಳು. “ನಾಳೆ ಬಾ,” ಎಂದಳು.

ಚಿಕ್ಕೀರ ಅಲ್ಲೇ ಕುಕ್ಕರಿಸಿದ. ಮಗಳನ್ನು ಮಣ್ಣು ಮಾಡಿದ ದಿನವೂ ಬಾರದ ಅಳು ಈಗ ಬಂತು. ಅತ್ತು ಮುಗಿದ ಮೇಲೆ ಕೂಸಿನ ಕೈ ತೊಳೆದು, ತನ್ನ ಪಂಚೆಯ ತುದಿಯಿಂದ ಒರೆಸಿದ.

“ಬತ್ತೀನಿ ಕಣವ್ವ,” ಎಂದ. “ನಾಳೆ ಬತ್ತೀನಿ.”