ಗಾಜಿನೊಳಗಿನ ಭಿಕ್ಷಾಪಾತ್ರೆ

ಕಡಲಾಚೆಯ ದೊಡ್ಡ ನಗರವೊಂದರ ಮ್ಯೂಸಿಯಂನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಬೌದ್ಧ ಭಿಕ್ಷುವೊಬ್ಬನ ಹಳೆಯ ಭಿಕ್ಷಾಪಾತ್ರೆ ಕೂತಿತ್ತು. ಜನ ಸಾಲುಗಟ್ಟಿ ಬಂದು, ಅದರ ಮುಂದೆ ಕಣ್ಣು ಮುಚ್ಚಿ ನಿಂತು, "ಎಂಥ ಶೂನ್ಯ" ಎಂದು ಪಿಸುಗುಟ್ಟಿ ಹೋಗುತ್ತಿದ್ದರು. ಪಾತ್ರೆಗೆ ಮಾತ್ರ ದಿನವೂ ಹೊತ್ತು ನೆತ್ತಿಗೇರುವ ಮುಂಚೆ, ಭಿಕ್ಷುಗಳು ಉಣ್ಣುವ ಆ ವೇಳೆಯಲ್ಲಿ, ಒಂದೇ ಆಸೆ: ಈಗ ಯಾರಾದರೂ ಅನ್ನ ಹಾಕಿಯಾರು.

ಒಂದು ಬೆಳಿಗ್ಗೆ ಗಾಜಿನ ಸಂದಿಯಿಂದ ಇರುವೆಯೊಂದು ನುಸುಳಿ ಪಾತ್ರೆಯೊಳಗೆ ಇಳಿಯಿತು. ಒಂದು ಸುತ್ತು ಹಾಕಿ, "ಅಜ್ಜಾ, ಇಲ್ಲೇನೂ ಇಲ್ಲವಲ್ಲ" ಎಂದಿತು.

"ಆ ಏನೂ ಇಲ್ಲದ್ದನ್ನು ನೋಡಲೆಂದೇ ಇವರೆಲ್ಲ ಬರುತ್ತಾರೆ."

"ಹಾಗಾದರೆ ಅವರೆಲ್ಲ ಉಂಡು ಬಂದಿರಬೇಕು."

ಎಷ್ಟೋ ವರ್ಷಗಳ ಮೇಲೆ ಪಾತ್ರೆಗೆ ನಗು ಬಂತು. "ನಮ್ಮ ಭಿಕ್ಷು ಉಣ್ಣುವ ಮೊದಲು ನಿನ್ನಂಥವರಿಗೆಂದು ನಾಲ್ಕು ಅಗುಳು ತೆಗೆದಿಡುತ್ತಿದ್ದ. ಮಧ್ಯಾಹ್ನದವರೆಗೆ ಇರು ಮಗೂ, ಯಾರಾದರೂ ಬಂದಾರು."

"ಬರದಿದ್ದರೆ?"

"ನೀನು ಬಂದೆಯಲ್ಲ. ಇವತ್ತು ನಾನು ಖಾಲಿಯಿಲ್ಲ."

ಅಷ್ಟರಲ್ಲಿ ಧ್ಯಾನದಲ್ಲಿ ನಿಂತಿದ್ದ ಹೆಂಗಸೊಬ್ಬಳು ಕಣ್ಣು ತೆರೆದು ಇರುವೆಯನ್ನು ಕಂಡಳು. ಮುಖ ಸಿಂಡರಿಸಿ ಸಿಬ್ಬಂದಿಯನ್ನು ಕರೆದಳು. ಬಿಳಿ ಕೈಗವಸು ತೊಟ್ಟವನೊಬ್ಬ ಬಂದು ಗಾಜಿನ ಬಾಗಿಲು ತೆರೆದ. ತನ್ನತ್ತ ಬರುವ ಕೈಯನ್ನು ನೋಡಿ ಪಾತ್ರೆಗೆ ಜೀವ ಬಂದಂತಾಯಿತು. "ನೋಡಿದೆಯಾ, ಹೇಳಲಿಲ್ಲವೆ?" ಎಂದಿತು.

ಆ ಕೈ ಮೆತ್ತನೆಯ ಬಟ್ಟೆಯಿಂದ ಇರುವೆಯನ್ನು ಒರೆಸಿ ತೆಗೆಯಿತು. ಬಾಗಿಲು ಮುಚ್ಚಿತು.

"ಈಗ ಸರಿಯಾಯಿತು" ಎಂದು ಹೆಂಗಸು ಮತ್ತೆ ಕಣ್ಣು ಮುಚ್ಚಿದಳು.